ದೊಡ್ಡ ಹಡಗು ಆಮೇಲೆ, ಮೊದಲು ಮೈನ್‌ಸ್ವೀಪರ್ ಕೊಡಿ

ಮಾನ್ಯ ರಕ್ಷಣಾ ಸಚಿವರಿಗೆ ನಮಸ್ಕಾರ.

ನಾನು ನೌಕಾಪಡೆಯ ನಿವೃತ್ತ ನಾವಿಕ. ಸೇವೆಯ ಬಹುಪಾಲು ಕಳೆದದ್ದು ಮೈನ್‌ಸ್ವೀಪರ್‌ನಲ್ಲಿ, ಅಂದರೆ ಸಮುದ್ರದಲ್ಲಿ ಶತ್ರು ಇಟ್ಟ ಮೈನ್ (ನೀರಿನೊಳಗಿನ ಬಾಂಬ್) ತೆಗೆದು ದಾರಿ ಮಾಡಿಕೊಡುವ ಸಣ್ಣ ಹಡಗಿನಲ್ಲಿ. ಮೂರನೇ ವಿಮಾನವಾಹಕ ನೌಕೆ ಬೇಕು ಎಂಬ ಮಾತು ಆಗಾಗ ಕೇಳುತ್ತಲೇ ಇದೆ. ಇನ್ನು ಸುಮ್ನೆ ಕೂರಲು ಆಗಲಿಲ್ಲ.

ಮೈನ್‌ಸ್ವೀಪರ್ ಖರೀದಿಯ ಕಥೆಯನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. 2019ರ ಏಪ್ರಿಲ್‌ನಲ್ಲಿ ಐಎನ್‌ಎಸ್ ಕೋಝಿಕ್ಕೋಡ್ ನಿವೃತ್ತಿಯಾಯಿತು. ಅದೇ ನಮ್ಮಲ್ಲಿ ಉಳಿದಿದ್ದ ಕೊನೆಯ ಮೈನ್‌ಸ್ವೀಪರ್. 12 ಹೊಸ ಹಡಗು ಕಟ್ಟಲು ದಕ್ಷಿಣ ಕೊರಿಯಾದ ಜೊತೆ ನಡೆದ ಮಾತುಕತೆ 2018ರಲ್ಲೇ ಮುರಿದುಬಿದ್ದಿತ್ತು. 2025ರ ಜುಲೈನಲ್ಲಿ ಇಂಥ ಹಡಗುಗಳ ಖರೀದಿಗೆ ಮತ್ತೆ ಮೊದಲ ಹಂತದ ಒಪ್ಪಿಗೆ. ಒಪ್ಪಿಗೆಗೇನೂ ಬರವಿಲ್ಲ ಬಿಡಿ.

ನಮ್ಮ ಕೆಲಸ ನೋಡಲು ಚೆಂದವಿರಲಿಲ್ಲ. ಹಡಗಿನ ಹಿಂದೆ ಉದ್ದನೆಯ ಉಕ್ಕಿನ ತಂತಿ ಬಿಟ್ಟು ನಿಧಾನಕ್ಕೆ ಸಾಗಬೇಕು. ತಂತಿಯಲ್ಲಿರುವ ಕಟ್ಟರ್‌ಗೆ, ಮೈನನ್ನು ಸಮುದ್ರದ ತಳಕ್ಕೆ ಕಟ್ಟಿದ ಹಗ್ಗ ಸಿಕ್ಕಿ ತುಂಡಾದರೆ ಮೈನ್ ಮೇಲೆ ತೇಲುತ್ತದೆ. ಆಗ ಗುಂಡು ಹೊಡೆದು ಸಿಡಿಸಬೇಕು. ಆ ತಂತಿ ಸುತ್ತುವ ವಿಂಚ್‌ಗೆ ಸಿಕ್ಕಿ ನನ್ನ ಎಡಗೈ ಬೆರಳು ಜಜ್ಜಿಹೋಯಿತು. ಚಳಿಗಾಲದಲ್ಲಿ ಈಗಲೂ ಮಡಚಲು ಬರುವುದಿಲ್ಲ. ಶರ್ಟಿನ ಗುಂಡಿಯನ್ನು ಹೆಂಡತಿಯೇ ಹಾಕಬೇಕು.

ಮಾಜಿ ನಾವಿಕರ ಸಭೆಯೊಂದರಲ್ಲಿ ಈ ವಿಷಯ ಎತ್ತಿದೆ. ವೇದಿಕೆ ಮೇಲಿದ್ದ ಸಾಹೇಬರೊಬ್ಬರು, "ಯಜಮಾನ್ರೇ, ಆ ಸಣ್ಣ ಹಡಗು ಯಾರ ಕಣ್ಣಿಗೆ ಬೀಳುತ್ತೆ?" ಎಂದು ನಕ್ಕರು. ಸಭೆಯೂ ನಕ್ಕಿತು. ನನ್ನ ಕೈಯಿಂದ ಮೈಕ್ ಕಿತ್ತುಕೊಂಡು ಪಕ್ಕದವರಿಗೆ ಕೊಟ್ಟರು. ಹೌದು ಸ್ವಾಮಿ, ಕಣ್ಣಿಗೆ ಬೀಳುವುದಿಲ್ಲ. ಮೈನ್ ಕೂಡ ಬೀಳುವುದಿಲ್ಲ.

1988ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಇರಾನ್ ಇಟ್ಟ ಮೈನ್‌ಗೆ ತಗುಲಿತು. ಮೈನ್‌ನ ಬೆಲೆ ಸುಮಾರು 1,500 ಡಾಲರ್, ರಿಪೇರಿ ಖರ್ಚು ಹತ್ತಿರಹತ್ತಿರ 9 ಕೋಟಿ ಡಾಲರ್. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಸುಮಾರು 20,000 ಕೋಟಿ ರೂಪಾಯಿ ಸುರಿದಿದ್ದೇವೆ. ಬಂದರಿನ ಬಾಯಲ್ಲಿ ಯಾರೋ ನಾಲ್ಕು ಮೈನ್ ಬಿಟ್ಟು ಹೋದರೆ ಅದು ಹೊರಗೆ ಬರುವುದು ಹೇಗೆ? ದಾರಿ ಮಾಡಿಕೊಡುವವರು ಯಾರು? ಸಾವಿರ ಟನ್ನೂ ತೂಗದ ಹಡಗುಗಳೇ ಅಲ್ವಾ ಇಷ್ಟು ದಿನ ಆ ಕೆಲಸ ಮಾಡಿದ್ದು?

ವಿಮಾನವಾಹಕ ಬೇಡ ಎಂದು ನಾನು ಹೇಳುತ್ತಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೊಡೆದದ್ದು ಪುಟ್ಟ ಮಿಸೈಲ್ ಬೋಟ್‌ಗಳು ಎನ್ನುವುದು ಮಾತ್ರ ನೆನಪಿರಲಿ. ಪ್ರತಿ ವರ್ಷ ನೌಕಾಪಡೆ ದಿನ ಆಚರಿಸುವುದೇ ಆ ನೆನಪಿಗೆ.

ಮೊದಲು ಮೈನ್‌ಸ್ವೀಪರ್ ಕೊಡಿ. 12 ಹಡಗುಗಳಲ್ಲಿ ಮೊದಲನೆಯದು ಯಾವ ತಿಂಗಳು ನೀರಿಗಿಳಿಯುತ್ತದೆ ಎಂದು ಹೇಳಿ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಮಾತ್ರ ಕಳಿಸಬೇಡಿ. ಅದು ನನ್ನ ಬಳಿ ಬೇಕಾದಷ್ಟಿದೆ.

ಇಂತಿ,
ಒಬ್ಬ ನಿವೃತ್ತ ನಾವಿಕ