ಸರ್ಕಲ್ಲಿಗೆ ದೊಡ್ಡಪ್ಪನ ಹೆಸರು ಬೇಡ, ಅರಿವಳಿಕೆ ಡಾಕ್ಟರು ಬೇಕು

ನಮ್ಮ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ದೊಡ್ಡಪ್ಪ ತೀರಿಕೊಂಡಾಗ ನೀವು ಮನೆತನಕ ಬಂದಿರಿ. ಜಗಲಿಯಲ್ಲಿ ಅರ್ಧ ಗಂಟೆ ಕೂತಿರಿ. ಹೊರಡುವಾಗ, ಬಸ್‌ಸ್ಟ್ಯಾಂಡ್ ಹತ್ತಿರದ ಸರ್ಕಲ್ಲಿಗೆ ಅವರ ಹೆಸರಿಡಿಸುತ್ತೇನೆ, ಒಂದು ಒಳ್ಳೆ ಫೋಟೊ ಕೊಡಿ ಅಂದಿರಿ. ಸಂತೋಷವೇ ಆಯಿತು. ಆದರೆ ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ, ಸರ್ಕಲ್ ಬೇಡ ಅಂತ ತೀರ್ಮಾನ ಮಾಡಿದೆವು. ಯಾಕೆ ಅಂತ ಹೇಳಬೇಕಲ್ವಾ, ಅದಕ್ಕೇ ಈ ಪತ್ರ.

ಊರಿಗೆಲ್ಲ ಅವರು 'ಅಮೆರಿಕಾ ಡಾಕ್ಟ್ರು'. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಹೊರಟಿದ್ದು 1972ರಲ್ಲಿ. 1965ರಲ್ಲಿ ಅಲ್ಲಿನ ವಲಸೆ ಕಾನೂನು ಬದಲಾಗಿ ನಮ್ಮ ಕಡೆಯ ಡಾಕ್ಟರುಗಳಿಗೆ ಬಾಗಿಲು ತೆರೆದಿತ್ತು. ಹಾಗಂತ ಇಲ್ಲಿನ ಡಿಗ್ರಿ ಅಲ್ಲಿ ಸುಮ್ನೆ ನಡೆಯುತ್ತಿರಲಿಲ್ಲ. ಮತ್ತೆ ಪರೀಕ್ಷೆ, ಮತ್ತೆ 5 ವರ್ಷ ಸರ್ಜರಿ ತರಬೇತಿ. ಕೊನೆಗೆ ಪೆನ್ಸಿಲ್ವೇನಿಯಾದ ಒಂದು ಕಲ್ಲಿದ್ದಲು ಗಣಿ ಊರಲ್ಲಿ ನೆಲೆ ನಿಂತರು. ಅಲ್ಲಿನ ಡಾಕ್ಟರುಗಳು ಒಲ್ಲೆ ಅಂದ ಮೂಲೆ ಊರು ನಮ್ಮಂಥವರ ಪಾಲಿಗೆ ಅಂತ ನಗುತ್ತಿದ್ದರು. ಗುಡ್ಡ, ಮಂಜು ಎಲ್ಲ ಇತ್ತಂತೆ, ಅಡಿಕೆ ತೋಟವೊಂದು ಬಿಟ್ಟು. ಆ ಸಂಬಳದಲ್ಲೇ ಮೂವರು ಅತ್ತೆಯರ ಮದುವೆ ಆಯಿತು, ನನ್ನ ಅಪ್ಪನ ಓದು ಆಯಿತು, ಊರ ಶಾಲೆಗೆ ಹೆಂಚು ಬಂತು. ಇದನ್ನೆಲ್ಲ ನೀವೇ ಅವತ್ತು ಭಾಷಣದಲ್ಲಿ ಹೇಳಿದ್ದೀರಿ, ಬಿಡಿ.

ನನಗೆ ನೆನಪಿರುವುದು ಜನವರಿ ತಿಂಗಳ ದೊಡ್ಡಪ್ಪ. ರಜೆಗೆ ಬಂದವರು ಜಗಲಿ ಕಂಬಕ್ಕೆ ಗೋಣಿ ಹೊಲಿಯುವ ದಾರ ಸುತ್ತಿ ನಮಗೆ ಗಂಟು ಹಾಕುವುದು ಕಲಿಸುತ್ತಿದ್ದರು. ಎಡಗೈ ಒಂದರಲ್ಲೇ, ಕಣ್ಣು ಮುಚ್ಚಿ. ನಾನು ಹಾಕಿದ ಗಂಟನ್ನು ಎಳೆದು ನೋಡಿ, "ಬಿಚ್ತು ಮಾರಾಯ, ನಿನ್ನ ಪೇಶೆಂಟ್ ಹೋದ" ಅನ್ನುತ್ತಿದ್ದರು. ಹೊತ್ತೇರುವುದರೊಳಗೆ ಅಂಗಳದಲ್ಲಿ ಜನ. ಕರ್ನಾಟಕದ ನೋಂದಣಿಯನ್ನು ಕೊನೆತನಕ ಬಿಟ್ಟಿರಲಿಲ್ಲ ಅವರು. ತಾಲ್ಲೂಕು ಆಸ್ಪತ್ರೆಯ ಸರ್ಜನ್ ಜೊತೆ ಸೇರಿ ಹರ್ನಿಯಾ ಆಪರೇಷನ್ ಮಾಡುತ್ತಿದ್ದರು, ಪುಕ್ಕಟೆ. ಹರ್ನಿಯಾ ಮಾತ್ರ ಯಾಕೆ ಗೊತ್ತಾ? ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಬಹುದು. ಪ್ರಜ್ಞೆ ತಪ್ಪಿಸಿ ಪೂರ್ತಿ ಮಲಗಿಸಬೇಕೆಂದರೆ ಅರಿವಳಿಕೆ ಡಾಕ್ಟರು ಬೇಕು. ಆ ಹುದ್ದೆ ಖಾಲಿ.

ಒಂದು ವರ್ಷ ಕೊಯ್ಲಿನ ಕೊನೆಯಲ್ಲಿ ಅಡಿಕೆ ಕೊನೆ ಇಳಿಸುವ ಒಬ್ಬ ಕೊನೆಗೌಡ ಮರದಿಂದ ಬಿದ್ದ. ಹೊತ್ತು ತಂದಾಗ ಮಾತಾಡುತ್ತಿದ್ದ, ನೀರು ಕೇಳಿದ. ದೊಡ್ಡಪ್ಪ ಹೊಟ್ಟೆ ಮುಟ್ಟಿ ನೋಡಿದರು. ಹಲಗೆ ಥರ ಗಟ್ಟಿ. ಒಳಗೆ ರಕ್ತ ಸೋರುತ್ತಿದೆ, ಈಗಲೇ ತೆರೆಯಬೇಕು ಅಂದರು. ಸರ್ಜನ್ ಇಬ್ಬರಿದ್ದರು. ಟೇಬಲ್ ಇತ್ತು, ಲೈಟ್ ಇತ್ತು. ಮಲಗಿಸುವವರಿಲ್ಲ, ಒಂದು ಬಾಟಲಿ ರಕ್ತವೂ ಇಲ್ಲ. ಆಂಬುಲೆನ್ಸಿನಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡಿಸಿದರು, ತಾವೂ ಹತ್ತಿ ಕೂತರು. ಆ ತಿರುವುಗಳಲ್ಲಿ ಎರಡು ಗಂಟೆ ದಾರಿ. ಅರ್ಧ ದಾರಿಯಲ್ಲಿ ಅವನು ಹೋದ. ರಾತ್ರಿ ಮನೆಗೆ ಬಂದ ದೊಡ್ಡಪ್ಪ ಬಚ್ಚಲಲ್ಲಿ ತುಂಬಾ ಹೊತ್ತು ಕೈ ತೊಳೆಯುತ್ತಿದ್ದರು. ಊಟ ಮಾಡಲಿಲ್ಲ.

ಅದೇ ವಾರ ಆಗಿನ ಶಾಸಕರಿಗೆ ಮನವಿ ಕೊಟ್ಟರು. ಮುಂದಿನ ಜನವರಿಯಲ್ಲಿ ದೊಡ್ಡಪ್ಪನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಕ್ಕಿತು. ಆ ಕುರ್ಚಿಯಲ್ಲಿ ಈಗ ನೀವಿದ್ದೀರಿ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಹುದ್ದೆ ಇವತ್ತಿಗೂ ಖಾಲಿ.

ಆಗದ ಕೆಲಸವೇನಲ್ಲ ಇದು. ಶಿವಮೊಗ್ಗದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕಾಯಂ ಡಾಕ್ಟರು ಸಿಗುವತನಕ ಅಲ್ಲಿಂದ ಸರದಿ ಮೇಲೆ ಒಬ್ಬರನ್ನು ಕಳಿಸಲಿ. ಎಂಬಿಬಿಎಸ್ ಡಾಕ್ಟರಿಗೇ ಕೆಲವು ತಿಂಗಳು ಅರಿವಳಿಕೆ ತರಬೇತಿ ಕೊಡುವ ಸರ್ಕಾರಿ ಯೋಜನೆಯೂ ಇದೆ. ಸಿಸೇರಿಯನ್ನಿಗಾದರೂ ಆಗುತ್ತದೆ. ರಕ್ತದ್ದೂ ಅಷ್ಟೆ. ನಾವು ಕೇಳುವುದು ಬ್ಲಡ್ ಬ್ಯಾಂಕ್ ಅಲ್ಲ, ದೊಡ್ಡ ಬ್ಯಾಂಕಿನಿಂದ ತಂದಿಟ್ಟುಕೊಳ್ಳುವ ಸಂಗ್ರಹ ಘಟಕ. ಒಂದು ಫ್ರಿಜ್, ಒಬ್ಬ ಟೆಕ್ನಿಶಿಯನ್, ಸರ್ಕಾರದ ಅನುಮತಿ, ಕರೆಂಟ್ ಹೋದರೆ ಜನರೇಟರು. ನಮ್ಮ ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ. ಫ್ರಿಜ್ಜು, ಜನರೇಟರಿನ ಖರ್ಚು ನಮ್ಮದು. ದೊಡ್ಡಪ್ಪ ಅದಕ್ಕಂತಲೇ ದುಡ್ಡು ತೆಗೆದಿಟ್ಟಿದ್ದಾರೆ. ಆದರೆ ಡಾಕ್ಟರ ಆರ್ಡರು ದುಡ್ಡು ಕೊಟ್ಟರೆ ಬರುವುದಲ್ಲ, ಅದನ್ನು ನೀವೇ ತರಬೇಕು.

ದೊಡ್ಡಮ್ಮ ಶಿವರಾತ್ರಿವರೆಗೆ ಊರಲ್ಲೇ ಇರುತ್ತಾರೆ. ಮಾತಾಡಲು ಬರುವುದಾದರೆ ಬೆಳಿಗ್ಗೆ ಬನ್ನಿ. ಸಂಜೆಯಾದರೆ ಅಡಿಕೆ ಸುಲಿಯುವವರು ಜಗಲಿ ತುಂಬ ಕೂತಿರುತ್ತಾರೆ, ಕುರ್ಚಿ ಹಾಕಲೂ ಜಾಗ ಇರುವುದಿಲ್ಲ.

ಇಂತಿ,
ಡಾಕ್ಟ್ರ ತಮ್ಮನ ಮಗ