ಸುಬ್ಬಣ್ಣ ಮಾವನಿಗೆ ಫೋನ್ ಮಾಡಬೇಡಿ

ಟಿಬಿಲಿಸಿ, 12-5-2020

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ.

ನನ್ನ ತಮ್ಮನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದ ನಿಮ್ಮ ಪತ್ರ ತಲುಪಿತು. ಎರಡನೆಯ ಪುಟದ ಮೇಲೆ ಅವನ ಹೆಬ್ಬೆರಳು ಕುಳಿತಿದ್ದರಿಂದ ಅಡಿಕೆ ಕ್ರಯದ ಸುದ್ದಿ ಅರ್ಧವೇ ಸಿಕ್ಕಿತು. "ಅಲ್ಲಿ ಹುಡುಗರೆಲ್ಲ ಕುಡಿಯುತ್ತಾರಂತೆ, ಮಾತ್ರೆಯೂ ಉಂಟಂತೆ, ನೀನು ಹೇಗೆ?" ಎಂಬ ಸಾಲು ಮಾತ್ರ ಚೆನ್ನಾಗಿ ಕಾಣಿಸಿತು. ನಾನು ಕುಡಿಯುವುದಿಲ್ಲ. ಅಮ್ಮನಾಣೆಗೂ ಇಲ್ಲ. ಮಾತ್ರೆ ಎಂದರೆ ತಲೆನೋವಿಗೆ ಪ್ಯಾರಾಸಿಟಮಾಲ್, ಅದೂ ಅಮ್ಮ ಕಟ್ಟಿಕೊಟ್ಟದ್ದೇ.

ನಿಜ ಹೇಳಬೇಕೆಂದರೆ ಈ ಜಾರ್ಜಿಯಾ ದೇಶದಲ್ಲಿ ಕುಡಿಯದೆ ಇರುವುದಕ್ಕೇ ಧೈರ್ಯ ಬೇಕು. ದ್ರಾಕ್ಷಾರಸದ ಕಸುಬು ತಮ್ಮಲ್ಲಿ ಎಂಟು ಸಾವಿರ ವರ್ಷ ಹಳೆಯದು ಎಂದು ಇವರಿಗೆ ಹೆಮ್ಮೆ. ಹಳೆಯ ಮಡಕೆ ಚೂರುಗಳಲ್ಲಿ ಅದರ ಕುರುಹೂ ಸಿಕ್ಕಿದೆ. ದೊಡ್ಡ ಮಣ್ಣಿನ ಭರಣಿಯನ್ನು ನೆಲದಲ್ಲಿ ಹೂತು ಹುಳಿಯಲು ಬಿಡುತ್ತಾರೆ, ಆ ಕ್ರಮಕ್ಕೆ 2013ರಲ್ಲಿ ಯುನೆಸ್ಕೋದ ಮನ್ನಣೆಯೂ ಬಂದಿದೆ. ಹಿಂಡಿ ಉಳಿದ ಸಿಪ್ಪೆಯಿಂದ ಭಟ್ಟಿ ಇಳಿಸಿದ್ದು ಚಾಚಾ. ಊಟದ ಮೇಜಿಗೆ ತಮಾದಾ ಎಂಬ ಒಬ್ಬ ಮುಖ್ಯಸ್ಥನಿರುತ್ತಾನೆ. ದೇಶಕ್ಕೆ, ತೀರಿಹೋದವರಿಗೆ, ಮಕ್ಕಳಿಗೆ ಎಂದು ಒಂದೊಂದಕ್ಕೂ ಭಾಷಣ ಮಾಡಿಯೇ ಅವನು ಲೋಟ ಎತ್ತಿಸುವುದು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳೂ ಅವನೆದುರು ಸೋತಾರು. ನಾನು ಎತ್ತುವುದು ದಾಳಿಂಬೆ ರಸ. ನನಗೇನೋ ಕಾಯಿಲೆ ಇರಬೇಕೆಂದು ಮನೆಯೊಡತಿ ಮರುಕಪಡುತ್ತಾರೆ, ಇರಲಿ.

ಈಗ ಇಲ್ಲಿ ನನ್ನ ಜೊತೆ ಡಾಕ್ಟರಿಕೆ ಓದುತ್ತಿರುವ ಸುಬ್ಬಣ್ಣ ಮಾವನ ಮಗ ಸುಧಿಯ ವಿಷಯ. ಬದಿಯಡ್ಕದ ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ. ಹೌದು, ಅವನು ಕುಡಿಯುತ್ತಿದ್ದ. "ದೇಶ ಬಿಟ್ಟ ಮೇಲೆ ಕೆಟ್ಟ" ಎಂದು ನೀವು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ ಅಪ್ಪ. ಮಾರ್ಚ್ 25ಕ್ಕೆ ಅವನು ಟಿಕೆಟ್ ತೆಗೆದಿದ್ದ; 22ಕ್ಕೇ ಭಾರತಕ್ಕೆ ಬರುವ ವಿಮಾನಗಳು ನಿಂತವು. ತಿಂಗಳ ಕೊನೆಗೆ ಇಲ್ಲಿ ಬಸ್ಸು, ಮೆಟ್ರೋ ನಿಂತು, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕರ್ಫ್ಯೂ ಬಂತು. ಮೂರಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ. ಅದರ ನಡುವೆ ಅವನ ಅಜ್ಜಿಯನ್ನು ಮಂಗಳೂರಿಗೆ ಸಾಗಿಸಲಾಗದೆ ಆಂಬುಲೆನ್ಸ್ ಕರ್ನಾಟಕದವರು ಮುಚ್ಚಿದ್ದ ತಲಪಾಡಿ ಗಡಿಯಿಂದ ತಿರುಗಿದ್ದು ನಿಮಗೇ ಗೊತ್ತು. ಡಾಕ್ಟರಾಗುವ ಮೊಮ್ಮಗ ಅಜ್ಜಿಯ ಚಿತೆಯನ್ನು ಮೊಬೈಲಿನಲ್ಲಿ ನೋಡಿದ. ಮರುದಿನ ಬೆಳಿಗ್ಗೆ ಆನ್‌ಲೈನ್ ಪಾಠಕ್ಕೆ ಹಾಜರಿಯನ್ನೂ ಹೇಳಿದ. ಆಮೇಲೆ ನಿದ್ದೆ ಬರಲಿಲ್ಲ, ಅಷ್ಟೇ.

ನಿದ್ದೆಗೆಂದು ಮೊದಲು ಚಾಚಾ, ಅದು ಸಾಲದಾದಾಗ ಊರಿನಿಂದ ತಂದಿದ್ದ, ಆತಂಕ ತಗ್ಗಿಸುವ ಅಲ್ಪ್ರಾಜೋಲಾಮ್ ಮಾತ್ರೆ. ಎರಡೂ ಮಿದುಳನ್ನು ಮಂಕಾಗಿಸುವಂಥವು, ಸೇರಿದರೆ ಉಸಿರೇ ನಿಧಾನವಾಗುತ್ತದೆ. ಇದನ್ನು ನಮಗೆ ಫಾರ್ಮಕಾಲಜಿಯಲ್ಲಿ ಕಲಿಸಿದ್ದಾರೆ, ಅವನಿಗೆ ಬಾಯಿಪಾಠ ಬರುತ್ತದೆ. ಬಾಯಿಪಾಠ ಬಂದವನಿಗೇ "ನನ್ನನ್ನು ನಾನು ನೋಡಿಕೊಳ್ಳಬಲ್ಲೆ" ಎಂಬ ಭ್ರಮೆ ಹೆಚ್ಚು. ಇನ್ನು ಕೆಲವರು ಪರೀಕ್ಷೆಗೆ ಎಚ್ಚರವಿರಲು ಮೀಥೈಲ್‌ಫೆನಿಡೇಟ್ ನುಂಗುತ್ತಾರೆ, ಆಮೇಲೆ ಮಲಗಲು ಬಾಟಲಿ ಹುಡುಕುತ್ತಾರೆ. ಹೊರಗೆ ಹೇಳಿದರೆ ಕಾಲೇಜಿಗೆ ತಿಳಿದೀತೆಂದು ಭಯ, ಮನೆಗೆ ಹೇಳಿದರೆ ಓದು ನಿಂತೀತೆಂದು ಭಯ. ಅತ್ತೆಗೆ ಸುದ್ದಿ ಮುಟ್ಟಿಸಿದ ಮಹಾಶಯ ಸುಧಿಯ ಬಾಗಿಲು ಒಮ್ಮೆಯೂ ತಟ್ಟಿದವನಲ್ಲ.

"ಬಾಟಲಿ ಕಿತ್ತು ಎಸೆಯಿರಿ" ಎಂದು ನೀವು ಬರೆದಿದ್ದೀರಿ. ದಿನವೂ ಕುಡಿಯುವವನಿಗೆ ಹಠಾತ್ತನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ. ಎರಡು ಮೂರು ದಿನದೊಳಗೆ ಅಪಸ್ಮಾರ, ಸನ್ನಿಯೂ ಬರಬಹುದು. ಮಾರ್ಚಿನಲ್ಲಿ ನಮ್ಮ ಕೇರಳದಲ್ಲೇ ಮದ್ಯದಂಗಡಿ ಮುಚ್ಚಿದಾಗ ಆತ್ಮಹತ್ಯೆಗಳಾದವಲ್ಲ! ಡಾಕ್ಟರರ ಚೀಟಿಗೆ ಮದ್ಯ ಕೊಡಲು ಸರಕಾರ ಆದೇಶ ಹೊರಡಿಸಿತು, ಡಾಕ್ಟರರೇ ಸಿಟ್ಟಾದರು, ಏಪ್ರಿಲ್ 2ಕ್ಕೆ ಹೈಕೋರ್ಟು ತಡೆಯಿತು. ಚೀಟಿಯಲ್ಲಿ ಬರೆಯಬೇಕಾದ್ದು ಮದ್ದು, ಮದ್ಯವಲ್ಲ ಎಂಬ ಅವರ ವಾದ ಸರಿಯೇ.

ಸುಧಿಗೂ ಮದ್ದೇ ಆಗುತ್ತಿದೆ. ನಮ್ಮ ಸೀನಿಯರ್ ಅಕ್ಕ ಒಬ್ಬರು ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ ಹತ್ತು ಪ್ರಶ್ನೆಗಳನ್ನು ಅವನಿಗೆ ಕೇಳಿದರು. 40ರಲ್ಲಿ 8 ಬಂದರೇ ಎಚ್ಚರಿಕೆ, ಅವನದು ಎಷ್ಟೋ ಮೇಲೆ. ಅವರೇ ಆಸ್ಪತ್ರೆಗೆ ಕರೆದೊಯ್ದರು. ನಡುಕ ತಡೆಯುವ ಮಾತ್ರೆಯನ್ನು ವೈದ್ಯರು ಲೆಕ್ಕ ಹಾಕಿ ಕೊಟ್ಟು ಮೆಲ್ಲಗೆ ಇಳಿಸುತ್ತಿದ್ದಾರೆ, ಜೊತೆಗೆ ಬಿ1 ವಿಟಮಿನ್. ಮಾತ್ರೆಯ ಡಬ್ಬ ನನ್ನ ಕಪಾಟಿನಲ್ಲಿದೆ, ಕೀಲಿ ನನ್ನ ಜೇಬಿನಲ್ಲಿ. ನಿನ್ನೆ ಗಂಜಿ ಉಂಡ, ಉಪ್ಪಿನಕಾಯಿ ಸಾಲದೆಂದು ಜಗಳವಾಡಿದ. ಚೇತರಿಸುತ್ತಿದ್ದಾನೆ.

ಆದ್ದರಿಂದ ದಯವಿಟ್ಟು ಸುಬ್ಬಣ್ಣ ಮಾವನಿಗೆ ಫೋನ್ ಮಾಡಬೇಡಿ. ಭಾನುವಾರ ಅವನೇ ಮಾವನೊಡನೆ ಮಾತಾಡುತ್ತೇನೆಂದು ಒಪ್ಪಿದ್ದಾನೆ, ನಾನು ಪಕ್ಕದಲ್ಲಿರುತ್ತೇನೆ. ಆಮೇಲೆ ನೀವು ಹೋಗಿ ಅವರ ಜಗಲಿಯಲ್ಲಿ ಕುಳಿತು ಮಾತಾಡಿ. ಬೈಯುವುದಕ್ಕಲ್ಲ. ಅತ್ತೆಗೆ ಮಾತ್ರ ಒಂದಕ್ಷರ ಬೇಡ.

ಕುಡಿದರೆ ಕೊರೋನಾ ಬಾರದೆಂದು ಚಿಕ್ಕಪ್ಪ ಕಳುಹಿಸಿದ ಸಂದೇಶವನ್ನು ಯಾರಿಗೂ ದಾಟಿಸಬೇಡಿ. ಇರಾನಿನಲ್ಲಿ ಅದನ್ನು ನಂಬಿದವರೂ ಸೇರಿ ನೂರಾರು ಜನ ಮೆಥನಾಲ್ ಬೆರೆತ ಸಾರಾಯಿಗೆ ಬಲಿಯಾದರು.

ಇಲ್ಲಿ ಭಾರತದ ರಾಯಭಾರ ಕಚೇರಿ ಇನ್ನೂ ತೆರೆದಿಲ್ಲ, ಆರ್ಮೇನಿಯಾದ ಯೆರೆವಾನಿನಲ್ಲಿರುವುದೇ ನಮಗೂ ಆಸರೆ. ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಕ್ಕೆ ಇಬ್ಬರ ಹೆಸರನ್ನೂ ಕೊಟ್ಟಿದ್ದೇನೆ. ಹಣ ಕಳುಹಿಸಬೇಡಿ, ಇದೆ. ನಿಮ್ಮ ಬಿ.ಪಿ. ಮಾತ್ರೆ ಪೆರ್ಲದಲ್ಲಿ ಸಿಗದಿದ್ದರೆ ಉಕ್ಕಿನಡ್ಕದವರೆಗೆ ಹೋಗಬೇಡಿ, ಅಲ್ಲಿಯ ಮೆಡಿಕಲ್ ಕಾಲೇಜು ಈಗ ಕೋವಿಡ್ ಆಸ್ಪತ್ರೆ. ತಮ್ಮನನ್ನು ಬದಿಯಡ್ಕಕ್ಕೆ ಕಳುಹಿಸಿ. ಮಧೂರು ಗಣಪತಿ ದೇವಸ್ಥಾನದ ಬಾಗಿಲು ತೆರೆದ ಮೇಲೆ ಅಮ್ಮ ನನ್ನ ಹೆಸರಿನಲ್ಲಿ ಹೇಳಿಕೊಂಡ ಅಪ್ಪಸೇವೆಯನ್ನು ಸುಧಿಯ ಹೆಸರಿಗೂ ಸೇರಿಸಲಿ, ಕಾರಣ ಕೇಳಿದರೆ ಪರೀಕ್ಷೆ ಎನ್ನಿ. ನಾನು ಕುಡಿಯುವುದಿಲ್ಲ ಎಂಬುದನ್ನು ಅವಳಿಗೆ ಎರಡು ಸಲ ಓದಿ ಹೇಳಿ.

ಎಂಟೂವರೆಯಾಯಿತು, ಕರ್ಫ್ಯೂವಿಗೆ ಮೊದಲು ಹಾಲು, ಬ್ರೆಡ್ಡು ತರಬೇಕು. ತಮ್ಮನಿಗೆ ಹೆಬ್ಬೆರಳು ತೆಗೆದು ಫೋಟೋ ಹೊಡೆಯಲು ಹೇಳಿ.

ಇಂತು ನಿಮ್ಮ ಮಗ,
ರಾಮ