ರಜೆಯ ಪ್ರಯಾಣ ಮತ್ತು ಚಾಲಕರ ನಿದ್ದೆ

ಮಾನ್ಯ ಸಂಪಾದಕರೇ,

ರಜೆಯ ದಿನಗಳು ಹತ್ತಿರವಾದಂತೆ ದೂರ ಪ್ರಯಾಣದ ಸಿದ್ಧತೆಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಸಲಹೆಗಳು ಬರುತ್ತವೆ. ಟೈರಿನ ಗಾಳಿ, ಬ್ರೇಕ್, ಎಂಜಿನ್ ಆಯಿಲ್, ದಾಖಲೆಪತ್ರಗಳೆಂದು ವಾಹನದ ಯೋಗಕ್ಷೇಮವನ್ನೆಲ್ಲ ವಿಚಾರಿಸುವ ಈ ಬರಹಗಳಲ್ಲಿ, ಅದನ್ನು ಓಡಿಸುವವರು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಎಂಬ ಪ್ರಶ್ನೆಗೆ ಮಾತ್ರ ಕೊನೆಯ ಸಾಲಿನಲ್ಲೆಲ್ಲೋ ಜಾಗ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ.

ನನ್ನ ದೃಷ್ಟಿಯಲ್ಲಿ ತೊಂದರೆ ಶುರುವಾಗುವುದು ರಸ್ತೆಯಲ್ಲಲ್ಲ, ಹೊರಡುವ ಸಮಯವನ್ನು ಗೊತ್ತುಮಾಡುವಾಗ. ರಜೆಯ ಒಂದು ಹಗಲು ಉಳಿಯುತ್ತದೆಂದು, ದಿನವಿಡೀ ಕೆಲಸ ಮಾಡಿ, ಸಂಜೆ ಸಾಮಾನು ಕಟ್ಟಿ, ಊಟ ಮುಗಿಸಿದವರೇ ಗಾಡಿ ಹತ್ತುವುದು ಈಗ ಸಾಮಾನ್ಯವಾಗಿಬಿಟ್ಟಿದೆ. ಬೆಳಿಗ್ಗೆ 6ಕ್ಕೆ ಎದ್ದವರು ರಾತ್ರಿ 11ಕ್ಕೆ ಸ್ಟಿಯರಿಂಗ್ ಹಿಡಿದರೆ ಆಗಲೇ 17 ಗಂಟೆ ಎಚ್ಚರವಿದ್ದಂತಾಯಿತು. ಇಷ್ಟು ಹೊತ್ತು ನಿದ್ದೆಯಿಲ್ಲದವರ ಚುರುಕುತನ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿರುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. 24 ಗಂಟೆಯಾದರೆ ಅದು ಸುಮಾರು ಶೇ 0.10ಕ್ಕೆ ಸಮ. ಕುಡಿದವರ ಕೈಯಿಂದ ಕೀಲಿ ಕಸಿದುಕೊಳ್ಳುವ ಕುಟುಂಬವೇ ನಿದ್ದೆಗೆಟ್ಟವರನ್ನು ಹೊರಡುವಂತೆ ಅವಸರಪಡಿಸುತ್ತದೆ.

ನಡುರಾತ್ರಿಯಿಂದ ಬೆಳಗಿನ 6ರವರೆಗೆ, ಮತ್ತೆ ಮಧ್ಯಾಹ್ನ 2ರಿಂದ 4ರ ಸುಮಾರಿಗೆ ದೇಹ ತಾನಾಗಿಯೇ ನಿದ್ದೆಯ ಕಡೆ ವಾಲುತ್ತದೆ. ಆ ಹೊತ್ತಿನಲ್ಲಿ ಬರುವ ಕ್ಷಣಕಾಲದ ಜೋಂಪು, ಅದಕ್ಕೆ ಒಳಗಾದವರ ಅರಿವಿಗೇ ಬರದೆ ಹೋಗಬಹುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ವಾಹನ 110 ಮೀಟರಿಗೂ ಹೆಚ್ಚು ದೂರ ಯಾರ ಹಿಡಿತದಲ್ಲೂ ಇಲ್ಲದೆ ಸಾಗಿರುತ್ತದೆ, ಮತ್ತು ನಿದ್ದೆಯಲ್ಲಿರುವವರು ಬ್ರೇಕ್ ಒತ್ತುವುದಿಲ್ಲವಾದ್ದರಿಂದ ಇಂಥ ಅಪಘಾತಗಳು ಪೂರ್ಣ ವೇಗದಲ್ಲೇ ಸಂಭವಿಸುತ್ತವೆ. ದಾಟಿ ಬಂದ ಕೆಲವು ಕಿಲೋಮೀಟರುಗಳು ನೆನಪಿಗೆ ಬಾರದಿರುವುದು, ತಿರುವು ತಪ್ಪುವುದು, ಗಾಡಿ ಪಕ್ಕದ ಪಥಕ್ಕೆ ಸರಿಯುವುದು ಇವೆಲ್ಲ ಕೂಡಲೇ ನಿಲ್ಲಿಸಬೇಕೆಂಬ ಸೂಚನೆಗಳು.

ಕಿಟಕಿ ತೆರೆಯುವುದು, ಹಾಡಿನ ಸದ್ದು ಏರಿಸುವುದು, ಮುಖ ತೊಳೆಯುವುದು ಇವುಗಳಿಂದ ನಿದ್ದೆ ಹೋಗುವುದಿಲ್ಲ. ಹೋಯಿತೆಂಬ ಭ್ರಮೆ ಬರುತ್ತದೆ, ಅದು ಇನ್ನೂ ಅಪಾಯಕರ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಅದರ ಪರಿಣಾಮ ಕಾಣಲು ಬೇಕಾಗುವ ಸುಮಾರು ಅರ್ಧ ಗಂಟೆಯಲ್ಲಿ 15–20 ನಿಮಿಷ ಮಲಗಿ, ಎದ್ದ ಮೇಲೆ ಮಂಪರು ಪೂರ್ತಿ ಇಳಿಯುವವರೆಗೆ ಕಾದು ಹೊರಡುವುದು ತಕ್ಕಮಟ್ಟಿಗೆ ನೆರವಾಗುತ್ತದೆ. ಆದರೆ ಇದೂ ಸಾಲವೇ; ತಂಗುವ ಜಾಗವೊಂದನ್ನು ಹುಡುಕಿಕೊಳ್ಳುವಷ್ಟು ಸಮಯವನ್ನಷ್ಟೇ ಕೊಡುತ್ತದೆ. ಎರಡು ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ನಿಲ್ಲಬೇಕೆಂಬ ಸಲಹೆ ಚೆನ್ನಾಗಿ ನಿದ್ದೆ ಮಾಡಿ ಹೊರಟವರಿಗೆ ಹೊಂದುತ್ತದೆಯೇ ಹೊರತು ಹಿಂದಿನ ರಾತ್ರಿಯ ಕೊರತೆಯನ್ನು ತುಂಬಿಕೊಡುವುದಿಲ್ಲ. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ತೂಕಡಿಕೆ ತರುತ್ತವೆ ಎಂಬುದನ್ನು ಇಲ್ಲಿ ಸೇರಿಸಬೇಕು.

ಹಿಂತಿರುಗುವ ಪ್ರಯಾಣದ ಬಗ್ಗೆ ನನಗೆ ಹೆಚ್ಚು ಆತಂಕ. ರಜೆಯುದ್ದಕ್ಕೂ ತಡವಾಗಿ ಮಲಗಿ, ಕೊನೆಯ ದಿನದ ಸಂಜೆಯವರೆಗೂ ಸುತ್ತಾಡಿ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕೆಂಬ ಒತ್ತಡದಲ್ಲಿ ರಾತ್ರಿ ಗಾಡಿ ಓಡಿಸುವವರಿಗೆ ನಿಲ್ಲಿಸಿ ಮಲಗಲು ಮನಸ್ಸೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಇನ್ನೊಬ್ಬ ಚಾಲಕರಿದ್ದಾರೆಂಬ ಧೈರ್ಯವೂ ಅರ್ಧ ಸತ್ಯ. ಅವರೂ ಸೀಟಿನಲ್ಲಿ ಕುಳಿತೇ ರಾತ್ರಿ ಕಳೆದಿರುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಭಾರೀ ವಾಹನಗಳ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕೆಂಬ ನಿಯಮವಿದೆ. ಸ್ವಂತ ಕಾರಿನಲ್ಲಿ ಮನೆಮಂದಿಯನ್ನು ಕರೆದೊಯ್ಯುವವರನ್ನು ಹೀಗೆ ತಡೆಯುವ ನಿಯಮವಿಲ್ಲದಿರುವುದರಿಂದ ಆ ಹೊಣೆ ಜೊತೆಗಿರುವವರದು. ಕನಿಷ್ಠ ಮುಂದಿನ ಸೀಟಿನಲ್ಲಿ ಕುಳಿತವರಾದರೂ ಎಚ್ಚರವಿರಬೇಕು, ನಿಲ್ಲಿಸೋಣ ಎಂದು ಹೇಳಲು ಹಿಂಜರಿಯಬಾರದು.

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಊರುಗಳ ನಡುವಿನ ದೂರವನ್ನು ಕೊಡುವಾಗ ವಿರಾಮವನ್ನೂ ಸೇರಿಸಿ ಹಿಡಿಯುವ ಸಮಯವನ್ನು ಕೊಡಬೇಕೆಂದೂ, ಒಂದೇ ಹಗಲಿನಲ್ಲಿ ಮುಗಿಯದ ದಾರಿಯಾದರೆ ನಡುವೆ ರಾತ್ರಿ ತಂಗಬಹುದಾದ ಊರನ್ನು ಸೂಚಿಸಬೇಕೆಂದೂ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ